ಹೆಸರು ಮತ್ತು ನೆಲೆ: ಕ್ಲೌಡ್ ಸರ್ವರುಗಳಲ್ಲಿ ನೆಟ್‌ವರ್ಕ್ ಇಂಟರ್‌ಫೇಸುಗಳ ನಾಮಕರಣವನ್ನು ಕುರಿತು ಒಂದು ವಿಮರ್ಶೆ

ವಸ್ತುವಿಗೂ ಅದರ ಹೆಸರಿಗೂ ಇರುವ ಸಂಬಂಧವನ್ನು ಕುರಿತ ವಿಚಾರ ಇತಿಹಾಸದ ವಿದ್ಯಾರ್ಥಿಗೆ ಹೊಸದಲ್ಲ. ಶಾಸನದಲ್ಲಿ ಬಂದ ಊರಿನ ಹೆಸರು ಇಂದಿನ ಯಾವ ಊರಿನದು, ಒಂದೇ ಹೆಸರಿನ ಇಬ್ಬರು ಅರಸರಲ್ಲಿ ದಾನವಿತ್ತವನು ಯಾವನು ಎಂಬ ಪ್ರಶ್ನೆಗಳನ್ನು ಬಿಡಿಸಿಕೊಳ್ಳದೆ ಅವನು ಒಂದು ಹೆಜ್ಜೆಯನ್ನೂ ಮುಂದಿಡಲಾರನು. ಹೆಸರನ್ನು ಯಾವಾಗ ಇಟ್ಟರು, ಯಾರು ಇಟ್ಟರು, ಯಾವ ಆಧಾರದ ಮೇಲೆ ಇಟ್ಟರು ಎಂಬ ಮೂರು ಪ್ರಶ್ನೆಗಳು ಅವನಿಗೆ ನಿತ್ಯದ ಅಭ್ಯಾಸ. ಇದೇ ಮೂರು ಪ್ರಶ್ನೆಗಳನ್ನು ಕಂಪ್ಯೂಟರ್ ಕ್ಷೇತ್ರದ ಒಂದು ನಾಮಕರಣ ಪದ್ಧತಿಗೆ ಹಾಕಿ, ಅದರ ಗುಣದೋಷಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ನಡೆಯುವ ಸರ್ವರು ಹೊರಗಿನ ಜಾಲದೊಡನೆ ವ್ಯವಹರಿಸುವುದು ನೆಟ್‌ವರ್ಕ್ ಇಂಟರ್‌ಫೇಸ್ ಎಂಬ ದ್ವಾರದ ಮೂಲಕ. ಪ್ರತಿಯೊಂದು ಇಂಟರ್‌ಫೇಸಿಗೂ ಒಂದು ಹೆಸರುಂಟು. ಯಾವುದಕ್ಕೆ ಯಾವ ಐಪಿ ವಿಳಾಸ, ಯಾವುದರಿಂದ ಯಾರಿಗೆ ಪ್ರವೇಶ, ಯಾವುದಕ್ಕೆ ತಡೆ ಎಂಬ ವಿಧಿಗಳನ್ನು ಸಾಮಾನ್ಯವಾಗಿ ಈ ಹೆಸರನ್ನು ಹಿಡಿದೇ ಬರೆದಿಡುವರು. ಹೆಸರು ತಪ್ಪಿದರೆ ವಿಧಿ ಅನ್ವಯಿಸುವುದಿಲ್ಲ. ಯಂತ್ರವು ನಮ್ಮ ಕೊಠಡಿಯಲ್ಲಿಯೇ ಇದ್ದ ಪಕ್ಷದಲ್ಲಿ ಕೀಲಿಮಣೆಯ ಮುಂದೆ ಕುಳಿತು ಸರಿಪಡಿಸಬಹುದು. ಬಾಡಿಗೆಗೆ ಪಡೆದ ಕ್ಲೌಡ್ ಸರ್ವರಿನಲ್ಲಿ ಹಾಗಲ್ಲ. ಒಳಹೋಗಬೇಕಾದ ಬಾಗಿಲೇ ಮುಚ್ಚಿದಂತಾಗುತ್ತದೆ. ಆದಕಾರಣ ಈ ವಿಷಯವನ್ನು ಯಂತ್ರಜ್ಞರ ಒಳಮನೆಯ ಮಾತೆಂದು ತಳ್ಳಿಹಾಕುವಂತಿಲ್ಲ.

1

ಲಿನಕ್ಸ್ ಕರ್ನೆಲ್ 1991ರಲ್ಲಿ ಹೊರಬಂದಿತು. ಈಥರ್ನೆಟ್ ಕಾರ್ಡುಗಳನ್ನು ಅದು ಈಥ್0, ಈಥ್1, ಈಥ್2 ಎಂದು ಕರೆಯುತ್ತ ಬಂದಿದೆ. ಈ ಹೆಸರಿನ ಆಧಾರವು ಕೇವಲ ಕ್ರಮ: ಮೊದಲು ಕಣ್ಣಿಗೆ ಬಿದ್ದ ಕಾರ್ಡಿಗೆ ಸೊನ್ನೆ, ಎರಡನೆಯದಕ್ಕೆ ಒಂದು. ಸೋದರಸಂತಾನವೆನ್ನಬಹುದಾದ ಫ್ರೀಬಿಎಸ್‌ಡಿಯಲ್ಲಿ ಬೇರೊಂದು ರೂಢಿ ಇದೆ. ಅಲ್ಲಿ ಕಾರ್ಡನ್ನು ನಡೆಸುವ ಡ್ರೈವರಿನ ಹೆಸರೇ ಇಂಟರ್‌ಫೇಸಿಗೂ ಬರುತ್ತದೆ. ಒಂದು ಬಗೆಯ ಇಂಟೆಲ್ ಕಾರ್ಡಾದರೆ ಅದು ಇಎಮ್0. ಇದು ಕುಲವನ್ನು ತಿಳಿಸುವ ಹೆಸರು. ಲಿನಕ್ಸಿನದು ಸರದಿಯನ್ನು ತಿಳಿಸುವ ಹೆಸರು.

ಒಂದೇ ಕಾರ್ಡಿರುವ ಯಂತ್ರದಲ್ಲಿ ಸರದಿಯ ಹೆಸರಿನಿಂದ ಬಾಧಕವಿಲ್ಲ. ಎರಡು ಅಥವಾ ನಾಲ್ಕು ಕಾರ್ಡುಗಳಿದ್ದಾಗ ಸಂಕಟ ಮೊದಲಾಗುತ್ತದೆ. ಯಂತ್ರವು ಎಚ್ಚರಗೊಳ್ಳುವಾಗ ಡ್ರೈವರುಗಳು ಏಕಕಾಲದಲ್ಲಿ ಕೆಲಸಮಾಡುವುದರಿಂದ ಯಾವ ಕಾರ್ಡು ಮೊದಲು ಗುರುತಾಗುವುದೆಂಬುದಕ್ಕೆ ನಿಯಮವಿಲ್ಲ. ನಿನ್ನೆ ಒಳಜಾಲಕ್ಕೆ ಸೇರಿದ್ದ ಈಥ್1 ಇಂದು ಹೊರಜಾಲದ ಕಡೆಗೆ ತಿರುಗಿರಬಹುದು. ಹೊರಗಿನವರನ್ನು ತಡೆಯಲೆಂದು ಬರೆದ ವಿಧಿಯು ಒಳಗಿನವರನ್ನು ತಡೆದು, ಹೊರಗಿನವರಿಗೆ ದಾರಿಬಿಡುವುದೂ ಅಸಂಭವವಲ್ಲ. ಸರದಿಯನ್ನು ಹೆಸರೆಂದು ಭಾವಿಸಿದ್ದೇ ಈ ಪದ್ಧತಿಯ ಮೂಲದೋಷ. ಸಾಲಿನಲ್ಲಿ ಮೊದಲು ನಿಂತವನು ಮೊದಲನೆಯವನು ನಿಜ; ಆದರೆ ಅದು ಆ ಹೊತ್ತಿನ ಸಾಲಿಗೆ ಮಾತ್ರ ಸಲ್ಲುವ ಮಾತು.

2

ಈ ದೋಷಕ್ಕೆ ಕಂಡುಕೊಂಡ ಮೊದಲ ಪರಿಹಾರ ಕಡತವೊಂದರಲ್ಲಿ ಬರೆದಿಡುವುದು. ಪ್ರತಿಯೊಂದು ಕಾರ್ಡಿಗೂ ಮ್ಯಾಕ್ ವಿಳಾಸವೆಂಬ ಗುರುತುಸಂಖ್ಯೆಯುಂಟು. ಯಂತ್ರವು ಮೊದಲ ಸಲ ಕಾರ್ಡನ್ನು ಕಂಡಾಗ ಯೂಡೆವ್ ಎಂಬ ವ್ಯವಸ್ಥೆಯು ಆ ಸಂಖ್ಯೆಯನ್ನೂ ಕೊಟ್ಟ ಹೆಸರನ್ನೂ ಒಂದು ನಿಯಮಗಳ ಕಡತದಲ್ಲಿ ದಾಖಲಿಸುತ್ತಿತ್ತು. ಮುಂದಿನ ಸಲ ಅದೇ ಸಂಖ್ಯೆಗೆ ಅದೇ ಹೆಸರು ಸಲ್ಲುತ್ತಿತ್ತು. ಒಂದೇ ಕಡೆ ನೆಲೆನಿಂತ ಯಂತ್ರಕ್ಕೆ ಇದು ಒಪ್ಪುವ ಉಪಾಯ.

ಆದರೆ ಅಷ್ಟರಲ್ಲಿ ಸರ್ವರಿನ ಸ್ವರೂಪವೇ ಬದಲಾಗತೊಡಗಿತ್ತು. ಅಮೆಜಾನ್ ಸಂಸ್ಥೆಯು 2006ರಲ್ಲಿ ಇಸಿ2 ಎಂಬ ಸೇವೆಯನ್ನು ತೆರೆದು, ಯಂತ್ರಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲಾರಂಭಿಸಿತು. ಇಂಥ ಸೇವೆಯಲ್ಲಿ ಆಪರೇಟಿಂಗ್ ಸಿಸ್ಟಮನ್ನು ಯಂತ್ರದಿಂದ ಯಂತ್ರಕ್ಕೆ ಹೊಸದಾಗಿ ಸ್ಥಾಪಿಸುವುದಿಲ್ಲ. ಇಮೇಜ್ ಎಂಬ ಒಂದು ಮೂಲಪ್ರತಿಯನ್ನು ಸಿದ್ಧಪಡಿಸಿ, ಅದರಿಂದ ಬೇಕಾದಷ್ಟು ಪ್ರತಿಗಳನ್ನು ತೆಗೆಯುವರು. ಹತ್ತು ಸರ್ವರುಗಳಾಗಲಿ ಹತ್ತು ಸಾವಿರವಾಗಲಿ, ಮೂಲ ಒಂದೇ.

ಓಲೆಗರಿಗಳೊಡನೆ ಕೆಲಸಮಾಡಿದವರಿಗೆ ಇಲ್ಲಿ ಮುಂದೆ ಆಗುವುದೇನೆಂಬುದು ಥಟ್ಟನೆ ಹೊಳೆಯಬಹುದು. ಲಿಪಿಕಾರನು ಗ್ರಂಥವನ್ನು ಪ್ರತಿಮಾಡುವಾಗ ಕೊನೆಯಲ್ಲಿರುವ ಹಿಂದಿನ ಲಿಪಿಕಾರನ ಹೆಸರನ್ನೂ ತಿಥಿಯನ್ನೂ ಹಾಗೆಯೇ ಬರೆದುಕೊಂಡುಬಿಡುವುದುಂಟು. ಅದನ್ನು ನಂಬಿದ ಓದುಗನು ಪ್ರತಿಯ ಕಾಲವನ್ನು ನೂರಾರು ವರ್ಷ ಹಿಂದಕ್ಕೆ ತಳ್ಳುವನು. ಇಮೇಜಿನ ವಿಷಯದಲ್ಲಿಯೂ ಇದೇ ಆಯಿತು. ಮೂಲಯಂತ್ರದ ಮ್ಯಾಕ್ ವಿಳಾಸವನ್ನು ಈಥ್0 ಎಂಬ ಹೆಸರಿನೊಡನೆ ದಾಖಲಿಸಿದ್ದ ಕಡತವೂ ಇಮೇಜಿನೊಳಗೆ ಸೇರಿಹೋಯಿತು. ಪ್ರತಿಯು ಹೊಸ ಯಂತ್ರದಲ್ಲಿ ಎಚ್ಚೆತ್ತಾಗ ಅಲ್ಲಿದ್ದುದು ಬೇರೊಂದು ವಿಳಾಸದ ಕಾರ್ಡು. ಈಥ್0 ಎಂಬ ಹೆಸರು ಇಲ್ಲದ ಕಾರ್ಡಿಗೆ ಮೀಸಲಾಗಿದ್ದುದರಿಂದ ಇರುವ ಒಂದೇ ಕಾರ್ಡು ಈಥ್1 ಎನಿಸಿಕೊಂಡಿತು. ಜಾಲದ ವಿಧಿಗಳೆಲ್ಲ ಈಥ್0ಕ್ಕೆ ಸಂಬಂಧಿಸಿದ್ದವು. ಯಂತ್ರ ನಡೆಯುತ್ತಿತ್ತು, ಮಾತನಾಡುತ್ತಿರಲಿಲ್ಲ.

ಇದಕ್ಕೆ ಎರಡು ತೇಪೆಗಳನ್ನು ಹಾಕಿದರು. ವರ್ಚುವಲ್ ಯಂತ್ರಗಳಲ್ಲಿ ಬಳಕೆಯಲ್ಲಿರುವ ಕೆಲವು ಮ್ಯಾಕ್ ವಿಳಾಸಗಳ ಪೂರ್ವಾಂಶಗಳನ್ನು ಪಟ್ಟಿಮಾಡಿ, ಅವುಗಳನ್ನು ದಾಖಲಿಸಬಾರದೆಂದು ನಿಯಮಕ್ಕೆ ಅಪವಾದ ಸೇರಿಸಿದ್ದು ಒಂದು. ಇಮೇಜನ್ನು ಮುಗಿಸುವ ಮೊದಲು ಆ ಕಡತವನ್ನು ಅಳಿಸಿಹಾಕುವ ಪದ್ಧತಿಯನ್ನು ರೂಢಿಸಿದ್ದು ಇನ್ನೊಂದು. ಇವೆರಡೂ ಉಪಯುಕ್ತವಾದರೂ ಒಂದು ಸಂಗತಿಯನ್ನು ಮರೆಮಾಡಿದವು. ವ್ಯಕ್ತಿಗೆ ಸೇರಿದ ನೆನಪನ್ನು ಸಂತತಿಗೆಲ್ಲ ಹಂಚಿದ್ದೇ ಇಲ್ಲಿಯ ತೊಡಕೆಂಬುದನ್ನು ಯಾರೂ ಪದ್ಧತಿಯ ಮಟ್ಟದಲ್ಲಿ ಎದುರಿಸಲಿಲ್ಲ.

3

ಎರಡನೆಯ ಪರಿಹಾರವು ನೆಲೆಯನ್ನು ಹಿಡಿದು ಹೆಸರಿಡುವುದು. ಡೆಲ್ ಸಂಸ್ಥೆಯಲ್ಲಿ ರೂಪುಗೊಂಡ ಬಯಾಸ್‌ಡೆವ್‌ನೇಮ್ ಎಂಬ ಸಾಧನವು 2011ರ ಫೆಡೋರಾ 15ರಲ್ಲಿ ಬಳಕೆಗೆ ಬಂದಿತು. ಯಂತ್ರದ ಮೂಲಫಲಕದಲ್ಲಿಯೇ ಇರುವ ಕಾರ್ಡು ಇಎಮ್1. ಮೂರನೆಯ ಗೂಡಿನಲ್ಲಿ ಸಿಕ್ಕಿಸಿದ ಕಾರ್ಡಿನ ಮೊದಲ ದ್ವಾರ ಪಿ3ಪಿ1. ಸರ್ವರಿನ ಹಿಂಬದಿಯಲ್ಲಿ ಅಚ್ಚಾಗಿರುವ ಸಂಖ್ಯೆಯೂ ಪರದೆಯ ಮೇಲಿನ ಹೆಸರೂ ಹೊಂದಿಕೊಂಡವು. ಕೇಬಲ್ ಹಿಡಿದು ನಿಂತವನಿಗೆ ಇದರಿಂದಾದ ಉಪಕಾರ ಸಣ್ಣದಲ್ಲ.

ಈ ಸಾಧನದ ಒಂದು ಗುಣವನ್ನು ವಿಶೇಷವಾಗಿ ಗಮನಿಸಬೇಕು. ತಾನು ವರ್ಚುವಲ್ ಯಂತ್ರದೊಳಗಿರುವುದಾಗಿ ತಿಳಿದುಬಂದರೆ ಅದು ಹೆಸರಿಡುವ ಕಾರ್ಯದಿಂದ ಹಿಂದೆಗೆಯುತ್ತಿತ್ತು. ನೆಲೆಯೇ ಇಲ್ಲದೆಡೆಯಲ್ಲಿ ನೆಲೆಯ ಹೆಸರಿಗೆ ಅರ್ಥವಿಲ್ಲವೆಂಬ ವಿವೇಕ ಆ ವ್ಯವಸ್ಥೆಯಲ್ಲಿ ಅಡಕವಾಗಿತ್ತೆನ್ನಬೇಕು.

2013ರ ಜನವರಿಯಲ್ಲಿ ಸಿಸ್ಟಮ್‌ಡಿಯ 197ನೆಯ ಆವೃತ್ತಿ ಹೊರಬಂದು, ಇದಕ್ಕಿಂತ ವ್ಯಾಪಕವಾದ ಪದ್ಧತಿಯೊಂದನ್ನು ಮುಂದಿಟ್ಟಿತು. ‘ಮುಂಗಾಣಬಹುದಾದ ಹೆಸರುಗಳು’ ಎಂಬುದು ಅದಕ್ಕೆ ಅದರ ಕರ್ತೃಗಳೇ ಇತ್ತ ಅಭಿಧಾನದ ತಾತ್ಪರ್ಯ. ಹೆಸರಿನ ಮೊದಲೆರಡು ಅಕ್ಷರಗಳು ಜಾತಿಯನ್ನು ಹೇಳುತ್ತವೆ: ಈಥರ್ನೆಟ್ಟಿಗೆ ಇಎನ್, ನಿಸ್ತಂತು ಜಾಲಕ್ಕೆ ಡಬ್ಲ್ಯುಎಲ್. ಅನಂತರದ ಭಾಗವು ನೆಲೆಯನ್ನು ಹೇಳುತ್ತದೆ. ಮೂಲಫಲಕದ ಕಾರ್ಡು ಇಎನ್‌ಒ1. ಗೂಡಿನ ಸಂಖ್ಯೆ ತಿಳಿದಿದ್ದರೆ ಇಎನ್‌ಎಸ್1. ಪಿಸಿಐ ಮಾರ್ಗದ ಎರಡನೆಯ ಬಸ್ಸಿನಲ್ಲಿ ಸೊನ್ನೆಯ ಸ್ಥಾನದಲ್ಲಿದ್ದರೆ ಇಎನ್‌ಪಿ2ಎಸ್0. ಮ್ಯಾಕ್ ವಿಳಾಸವನ್ನೇ ಹೆಸರಾಗಿ ಮಾಡುವ ಇಎನ್‌ಎಕ್ಸ್ ಎಂಬ ರೂಪವೂ ಉಂಟು. 2014ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7, 2015ರಲ್ಲಿ ಉಬುಂಟು 15.10, 2017ರಲ್ಲಿ ಡೆಬಿಯನ್ 9 ಈ ಪದ್ಧತಿಯನ್ನು ಸ್ವೀಕರಿಸಿದವು.

ಇದರ ಗುಣಗಳನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ಹೆಸರನ್ನು ಯಾವ ಕಡತದಲ್ಲಿಯೂ ಬರೆದಿಡಬೇಕಾಗಿಲ್ಲ. ಆದುದರಿಂದ ಪ್ರತಿಮಾಡುವಾಗ ಹಳೆಯ ನೆನಪು ಅಂಟಿಕೊಳ್ಳುವ ಭಯವಿಲ್ಲ. ಕೆಟ್ಟ ಕಾರ್ಡನ್ನು ತೆಗೆದು ಅದೇ ಗೂಡಿನಲ್ಲಿ ಅದೇ ಬಗೆಯ ಕಾರ್ಡನ್ನಿಟ್ಟರೆ ಹೆಸರು ಬದಲಾಗುವುದಿಲ್ಲ. ಕಾರ್ಡುಗಳು ಗುರುತಾಗುವ ಸರದಿಯಿಂದ ಬಾಧೆಯಿಲ್ಲ. ದಾಖಲೆಯ ದೃಷ್ಟಿಯಿಂದಲೂ ಇದು ಮುನ್ನಡೆಯೇ ಸರಿ. ಹಳೆಯ ಲಾಗ್ ಕಡತವೊಂದರಲ್ಲಿ ಈಥ್1 ಎಂದಿದ್ದರೆ ಅದು ಯಾವ ಕಾರ್ಡೆಂದು ಹೇಳಲು ಅದೊಂದರಿಂದಲೇ ಸಾಧ್ಯವಿಲ್ಲ. ಇಎನ್‌ಪಿ2ಎಸ್0 ಎಂದಿದ್ದರೆ ಆ ಯಂತ್ರದಲ್ಲಿ ಅದರ ಸ್ಥಾನ ತಿಳಿಯುತ್ತದೆ. ಸಾಕ್ಷ್ಯದ ಬೆಲೆ ಅಷ್ಟರಮಟ್ಟಿಗೆ ಹೆಚ್ಚಿತು.

4

ಹೀಗಿರುವಲ್ಲಿ ಆಕ್ಷೇಪವೇನು? ನೆಲೆಯನ್ನು ಹಿಡಿದು ಇಟ್ಟ ಹೆಸರಿಗೆ ನಿಜವಾದ ನೆಲೆಯಿರಬೇಕು. ಕ್ಲೌಡ್ ಸರ್ವರಿನಲ್ಲಿ ಗೂಡೂ ಇಲ್ಲ, ಮೂಲಫಲಕವೂ ಇಲ್ಲ. ಅವೆರಡನ್ನೂ ಹೈಪರ್‌ವೈಸರ್ ಎಂಬ ಕೆಳಗಿನ ವ್ಯವಸ್ಥೆಯು ಕಲ್ಪಿಸಿ ತೋರಿಸುತ್ತದೆ. ಕಲ್ಪಿಸುವವನು ಬದಲಾದರೆ ನೆಲೆಯೂ ಬದಲಾಗುತ್ತದೆ.

ನಿದರ್ಶನಗಳು ಸುಲಭವಾಗಿ ದೊರೆಯುತ್ತವೆ. ಕ್ಯೂಇಎಮ್‌ಯು ಎಂಬ ವ್ಯವಸ್ಥೆಯ ಹಳೆಯ ಮಾದರಿಯ ಯಂತ್ರದಲ್ಲಿ ಮೊದಲ ಕಾರ್ಡು ಸಾಮಾನ್ಯವಾಗಿ ಇಎನ್‌ಎಸ್3 ಎನಿಸಿಕೊಳ್ಳುತ್ತದೆ. ಅದೇ ವ್ಯವಸ್ಥೆಯ ಕ್ಯೂ35 ಎಂಬ ಹೊಸ ಮಾದರಿಯಲ್ಲಿ ಅದು ಇಎನ್‌ಪಿ1ಎಸ್0 ಎಂದು ಕಾಣಿಸಿಕೊಳ್ಳುತ್ತದೆ. ಗೂಗಲ್ ಕ್ಲೌಡಿನ ಡೆಬಿಯನ್ ಇಮೇಜಿನಲ್ಲಿ ಇಎನ್‌ಎಸ್4 ಪರಿಚಿತವಾದ ಹೆಸರು. ಅಮೆಜಾನಿನಲ್ಲಿ ಜ಼ೆನ್ ಹೈಪರ್‌ವೈಸರಿನ ಮೇಲಿದ್ದ ಉಬುಂಟು ಸರ್ವರು ಯಂತ್ರದ ಬಗೆಯನ್ನನುಸರಿಸಿ ಈಥ್0 ಅಥವಾ ಇಎನ್‌ಎಸ್3 ಎಂಬ ಹೆಸರನ್ನು ತಾಳುತ್ತಿತ್ತು. 2017ರಲ್ಲಿ ಬಂದ ನೈಟ್ರೋ ಎಂಬ ಹೊಸ ವ್ಯವಸ್ಥೆಯ ಮೇಲೆ ಅದು ಇಎನ್‌ಎಸ್5 ಆಯಿತು. ಇಲ್ಲಿ ಇಮೇಜು ಒಂದೇ, ಅದರಲ್ಲಿನ ಪ್ರತಿಯೊಂದು ಅಕ್ಷರವೂ ಒಂದೇ. ಹೆಸರು ಮಾತ್ರ ಬೇರೆ ಬೇರೆ. ಇಮೇಜನ್ನು ಸಿದ್ಧಪಡಿಸುವವನು ತನ್ನ ಪ್ರತಿಗಳು ಮುಂದೆ ಎಲ್ಲಿ ಎಚ್ಚೆತ್ತುಕೊಳ್ಳುವುವೆಂಬುದನ್ನು ಅರಿಯನು. ಅವನ ಪಾಲಿಗೆ ಈ ಹೆಸರನ್ನು ಮುಂಗಾಣುವುದೆಂತು?

ಇನ್ನೂ ಒಂದು ಮಾತು. ಇಎನ್‌ಎಸ್5 ಎಂಬ ಹೆಸರು ನಮಗೆ ಏನನ್ನು ತಿಳಿಸುತ್ತದೆ? ಆ ಇಂಟರ್‌ಫೇಸು ಒಳಜಾಲದ್ದೋ ಹೊರಜಾಲದ್ದೋ, ಯಾವ ಕಾರ್ಯಕ್ಕೆ ನಿಂತದ್ದೋ ತಿಳಿಯುವುದಿಲ್ಲ. ಐದನೆಯ ಗೂಡೆಂಬುದನ್ನು ಯಾರೂ ಕಣ್ಣಿನಿಂದ ಕಾಣಲಾರರು. ಅದರಿಂದ ಊಹಿಸಬಹುದಾದುದು ಒಂದೇ: ಕೆಳಗಿರುವ ಹೈಪರ್‌ವೈಸರ್ ಯಾವ ಬಗೆಯದು ಎಂಬುದು. ಎಂದರೆ ಹೆಸರು ಹೆಸರಿಸಿದ ವಸ್ತುವಿನ ಬಗೆಗೆ ಮೌನವಾಗಿದ್ದು, ಮನೆಯ ಒಡೆಯನ ಬಗೆಗೆ ಸಾಕ್ಷ್ಯ ನುಡಿಯುತ್ತದೆ. ಲಾಗ್ ಕಡತಗಳನ್ನು ಮುಂದೊಮ್ಮೆ ಆಕರಗಳಾಗಿ ಓದುವವರು ಈ ಭೇದವನ್ನು ನೆನಪಿನಲ್ಲಿಡಬೇಕಾದುದು ಅವಶ್ಯ.

ಇದರ ಪರಿಣಾಮ ಪುಸ್ತಕದ ಮಾತಾಗಿ ಉಳಿದಿಲ್ಲ. ಕೆಲವು ತಿಂಗಳ ಹಿಂದೆ ನಮ್ಮ ವಿಭಾಗದ ಹಳೆಯ ಕಾಗದಪತ್ರಗಳ ಛಾಯಾಪ್ರತಿಗಳನ್ನಿರಿಸಿದ್ದ ಸರ್ವರನ್ನು, ಅದರ ಉಸ್ತುವಾರಿಯನ್ನು ಹೊತ್ತ ಸಂಸ್ಥೆಯವರು ಹಳೆಯ ಬಗೆಯ ಯಂತ್ರದಿಂದ ಹೊಸ ಬಗೆಗೆ ಸಾಗಿಸಿದರು. ಛಾಯಾಪ್ರತಿಗಳು ಒಂದೂ ನಷ್ಟವಾಗಲಿಲ್ಲ. ಡಿಸ್ಕು ಸುಸ್ಥಿತಿಯಲ್ಲಿಯೇ ಇತ್ತು. ಆದರೂ ಎರಡು ದಿನ ಯಾರಿಗೂ ಅವು ಲಭ್ಯವಾಗಲಿಲ್ಲ. ಜಾಲದ ವಿಧಿಗಳಲ್ಲಿ ಬರೆದಿದ್ದ ಹೆಸರಿನ ಇಂಟರ್‌ಫೇಸು ಹೊಸ ಯಂತ್ರದಲ್ಲಿ ಇರಲಿಲ್ಲವೆಂಬುದಷ್ಟೇ ಕಾರಣ. ಇಂಥ ನಿಲುಗಡೆಯು ಕಣ್ಣಿಗೆ ಕಾಣುವುದರಿಂದ ಬೇಗ ಸರಿಹೋಗುತ್ತದೆ. ಹೆಸರು ಹಿಡಿದು ಬರೆದ ತಡೆಯೊಂದು ಹೆಸರು ಬದಲಾದ ಮೇಲೆ ಸದ್ದಿಲ್ಲದೆ ನಿಷ್ಫಲವಾಗುವುದು ಇದಕ್ಕಿಂತ ಅಪಾಯಕರ. ಅದನ್ನು ಯಾರೂ ಗಮನಿಸಲಾರರು.

5

ಪದ್ಧತಿಯ ಪಕ್ಷವನ್ನು ಹಿಡಿದವರ ಸಮಾಧಾನವನ್ನೂ ಕೇಳಬೇಕು. ‘ಅದೇ ಯಂತ್ರಕ್ಕೆ ಪ್ರತಿಸಲವೂ ಅದೇ ಹೆಸರು ಎಂಬುದಷ್ಟೇ ನಮ್ಮ ವಾಗ್ದಾನ, ಎಲ್ಲ ಯಂತ್ರಗಳಿಗೂ ಒಂದೇ ಹೆಸರೆಂದು ನಾವು ಹೇಳಿಲ್ಲ’ ಎಂದು ಅವರು ವಾದಿಸಬಹುದು. ಮಾತು ಸತ್ಯ. ಆದರೆ ಆ ವಾಗ್ದಾನವೂ ಪೂರ್ಣವಾಗಿ ನಡೆದುಬಂದಿಲ್ಲ. ಹೊಸ ಕಾರ್ಡೊಂದನ್ನು ಸೇರಿಸಿದಾಗ ಬಸ್ಸುಗಳ ಎಣಿಕೆ ಬದಲಾಗಿ, ಮುಟ್ಟದೆ ಬಿಟ್ಟ ಕಾರ್ಡಿನ ಹೆಸರೂ ಬದಲಾಗುವುದುಂಟು. ಇಷ್ಟೇ ಅಲ್ಲದೆ ಸಿಸ್ಟಮ್‌ಡಿಯ ಆವೃತ್ತಿಗಳು ಮುಂದುವರಿದಂತೆ ಹೆಸರನ್ನು ಲೆಕ್ಕಹಾಕುವ ಕ್ರಮವೂ ತಿದ್ದುಪಡಿಗೊಂಡಿತು. 2018ರ 240ನೆಯ ಆವೃತ್ತಿಯಲ್ಲಿ ನಾಮಕರಣದ ಕ್ರಮಕ್ಕೇ ಆವೃತ್ತಿಸಂಖ್ಯೆಯನ್ನು ಕೊಟ್ಟು, ಇಂಥ ಕಾಲದ ಕ್ರಮವೇ ತನಗೆ ಬೇಕೆಂದು ಬಳಕೆದಾರನು ಕೇಳಿಕೊಳ್ಳುವ ಅನುಕೂಲವನ್ನು ಕಲ್ಪಿಸಿದರು. ಇದು ಪ್ರಾಮಾಣಿಕವಾದ ಏರ್ಪಾಡು. ಜೊತೆಗೆ ಮುಂಗಾಣಬಹುದೆಂಬ ಹೆಸರುಗಳಿಗೂ ಇತಿಹಾಸವುಂಟು, ಅವುಗಳನ್ನು ತಿಳಿಯಲು ಕಾಲನಿರ್ಣಯ ಬೇಕು ಎಂಬುದರ ಒಪ್ಪಿಗೆಯೂ ಹೌದು.

ಇಮೇಜುಗಳನ್ನು ತಯಾರಿಸುವವರಲ್ಲಿ ಕೆಲವರು ಬೇರೊಂದು ದಾರಿ ಹಿಡಿದರು. ಕರ್ನೆಲ್ಲಿಗೆ ‘ನೆಟ್.ಇಫ್‌ನೇಮ್ಸ್=0’ ಎಂಬ ಸೂಚನೆಯನ್ನಿತ್ತು ಹೊಸ ಪದ್ಧತಿಯನ್ನು ನಿಲ್ಲಿಸಿ, ಹಳೆಯ ಈಥ್0ಕ್ಕೆ ಮರಳಿದರು. ಈ ಪದ್ಧತಿ ಬೇಗನೆ ಬಳಕೆಗೆ ಬಂದ ಫೆಡೋರಾದಲ್ಲಿಯೇ ಕ್ಲೌಡ್ ಇಮೇಜುಗಳನ್ನು ಕೆಲವು ಕಾಲ ಈ ಸೂಚನೆಯೊಡನೆ ಕೊಡುತ್ತಿದ್ದುದು ಅರ್ಥಪೂರ್ಣವಾದ ಸಂಗತಿ. ಒಂದೇ ಇಂಟರ್‌ಫೇಸಿರುವ ಸರ್ವರಿನಲ್ಲಿ ಸರದಿಯ ಪ್ರಶ್ನೆಯೇ ಏಳದಿರುವುದರಿಂದ ಇದು ಸರಿಯಾದ ಉಪಾಯವೇ. ಆದರೆ ಎರಡನೆಯ ಇಂಟರ್‌ಫೇಸು ಬಂದ ದಿನ ಹಳೆಯ ದೋಷವೂ ಮರಳಿ ಬರುತ್ತದೆ. ರೋಗವಿಲ್ಲದವನಿಗೆ ಪಥ್ಯ ಬೇಡವೆಂದ ಮಾತ್ರಕ್ಕೆ ಔಷಧಿ ದೊರೆತಂತಾಗಲಿಲ್ಲ.

ಹಾಗಾದರೆ ಮ್ಯಾಕ್ ವಿಳಾಸವನ್ನೇ ಪ್ರಮಾಣವೆಂದು ಹಿಡಿಯಬಹುದೆ? ಕ್ಲೌಡ್‌-ಇನಿಟ್ ಎಂಬ ಸಾಧನವು ಯಂತ್ರದ ಮೊದಲ ಎಚ್ಚರದಲ್ಲಿ ಸೇವೆಯ ಒಡೆಯನಿಂದ ಈ ಸರ್ವರಿಗೆ ಸಲ್ಲುವ ವಿವರಗಳನ್ನು ಕೇಳಿ ಪಡೆಯುತ್ತದೆ. ಇಂಥ ಮ್ಯಾಕ್ ವಿಳಾಸದ ಇಂಟರ್‌ಫೇಸಿಗೆ ಇಂಥ ಹೆಸರಿಡತಕ್ಕದ್ದೆಂದು ವಿಧಿಸುವ ಶಕ್ತಿಯೂ ಅದಕ್ಕುಂಟು. ನೆನಪನ್ನು ಇಮೇಜಿನಲ್ಲಿಡದೆ, ಹುಟ್ಟಿದ ಮೇಲೆ ಪ್ರತಿಯೊಂದಕ್ಕೂ ಪ್ರತ್ಯೇಕವಾಗಿ ಕೊಡುವ ಈ ಕ್ರಮ ಯೂಡೆವಿನ ದೋಷವನ್ನು ಬಹುಮಟ್ಟಿಗೆ ನೀಗಿಸಿತು. ಆದರೂ ಮ್ಯಾಕ್ ವಿಳಾಸ ಎಲ್ಲೆಡೆಯೂ ಅನನ್ಯವಲ್ಲ. ಮೈಕ್ರೋಸಾಫ್ಟಿನ ಅಜ಼ೂರ್ ಸೇವೆಯಲ್ಲಿ ವೇಗವರ್ಧನೆಯನ್ನು ಪಡೆದ ಸರ್ವರಿನೊಳಗೆ ಎರಡು ಇಂಟರ್‌ಫೇಸುಗಳು ತೋರುತ್ತವೆ. ಒಂದು ಈಥ್0 ಎಂಬ ಸ್ಥಿರವಾದದ್ದು. ಇನ್ನೊಂದು ಉದ್ದ ಸಂಖ್ಯೆಯ ಹೆಸರುಳ್ಳ, ನಿಜವಾದ ಕಾರ್ಡಿನ ಅಂಶವೆನ್ನಬಹುದಾದದ್ದು. ಎರಡಕ್ಕೂ ಮ್ಯಾಕ್ ವಿಳಾಸ ಒಂದೇ. ಕೆಳಗಿನ ಯಂತ್ರದ ದುರಸ್ತಿಯ ಕಾಲದಲ್ಲಿ ಎರಡನೆಯದು ಮಾಯವಾಗಿ ಮತ್ತೆ ಬರಬಹುದು. ಆದುದರಿಂದ ಅಲ್ಲಿ ವಿಧಿಗಳನ್ನು ಮೊದಲನೆಯದಕ್ಕೇ ಬರೆಯಬೇಕು. ಒಂದೇ ಬಿರುದನ್ನು ಧರಿಸಿದ ಇಬ್ಬರನ್ನು ಬಿರುದಿನಿಂದಲೇ ಗುರುತಿಸಹೊರಟವನ ಪಾಡು ಇತಿಹಾಸದವರಿಗೆ ತಿಳಿಯದ್ದಲ್ಲ.

6

ಮೇಲಿನ ವಿಚಾರದಿಂದ ಒಂದು ನಿರ್ಣಯಕ್ಕೆ ಬರಬಹುದು. ಸರದಿ, ಗುರುತುಸಂಖ್ಯೆ, ನೆಲೆ ಇವು ಮೂರೂ ಇಂಟರ್‌ಫೇಸಿನ ಲಕ್ಷಣಗಳೇ. ಆದರೆ ವಿಧಿಗಳನ್ನು ಬರೆಯುವವನಿಗೆ ಬೇಕಾದುದು ಅದರ ಕಾರ್ಯ. ‘ಹೊರಜಾಲ’, ‘ಒಳಜಾಲ’, ‘ಸಂಗ್ರಹ’ ಎಂಬಂಥ ಕಾರ್ಯನಾಮವನ್ನು ಯಂತ್ರವು ತಾನೇ ಊಹಿಸಿಕೊಳ್ಳಲಾರದು. ಅದನ್ನು ಮನುಷ್ಯನು ಇಡಬೇಕು. ಯಾವ ಲಕ್ಷಣದಿಂದ ಆ ಹೆಸರು ಯಾವ ಇಂಟರ್‌ಫೇಸಿಗೆ ಹೊಂದುವುದೆಂಬುದನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಹೆಸರನ್ನೂ ಗುರುತಿಸುವ ಲಕ್ಷಣವನ್ನೂ ಒಂದಾಗಿ ಬೆಸೆದದ್ದೇ 2013ರ ಪದ್ಧತಿಯ ದೌರ್ಬಲ್ಯ. ಭೌತಿಕ ಯಂತ್ರದಲ್ಲಿ ಅದು ಗುಣವಾಗಿ ತೋರಿತು. ಕ್ಲೌಡಿನಲ್ಲಿ ದೋಷವಾಗಿ ಪರಿಣಮಿಸಿತು. ಆ ಪದ್ಧತಿಯೊಳಗೇ ಲಿಂಕ್ ಕಡತಗಳ ಮೂಲಕ ಸ್ವಂತ ಹೆಸರಿಡಲು ಅವಕಾಶವಿರುವುದರಿಂದ ಪರಿಹಾರ ದೂರದಲ್ಲಿಲ್ಲ.

ಇನ್ನೊಂದು ಅನುಕೂಲವೂ ಒದಗಿದೆ. 2020ರ ಜನವರಿಯಲ್ಲಿ ಬಂದ ಲಿನಕ್ಸ್ ಕರ್ನೆಲ್ 5.5ರಿಂದ ಒಂದೇ ಇಂಟರ್‌ಫೇಸಿಗೆ ಹಲವು ಹೆಸರುಗಳನ್ನಿಡಬಹುದು. ಮೂಲ ಹೆಸರಿಗೆ 15 ಅಕ್ಷರಗಳ ಮಿತಿಯಿದ್ದರೆ ಈ ಪರ್ಯಾಯನಾಮಗಳು ಅದಕ್ಕಿಂತ ಬಹಳ ಉದ್ದವಾಗಿರಬಹುದು. ವಿಜಯನಗರದ ತಾಮ್ರಶಾಸನಗಳಲ್ಲಿ ಅಗ್ರಹಾರವಾಗಿ ಹೊಸ ಹೆಸರನ್ನು ಪಡೆದ ಗ್ರಾಮಕ್ಕೆ ಹಳೆಯ ಹೆಸರನ್ನು ಅಳಿಸದೆ, ಹೊಸದನ್ನು ‘ಪ್ರತಿನಾಮ’ವೆಂದು ಅದರ ಜೊತೆಗಿಟ್ಟು ಬರೆದಿರುವುದನ್ನು ಕಾಣುತ್ತೇವೆ. ಆ ಎಚ್ಚರದಿಂದಲೇ ಇಂದಿಗೂ ಎಷ್ಟೋ ಗ್ರಾಮಗಳನ್ನು ಗುರುತಿಸಲು ಸಾಧ್ಯವಾಗಿದೆ. ಯಂತ್ರದ ಲೆಕ್ಕದ ಹೆಸರು, ಹಳೆಯ ಸರದಿಯ ಹೆಸರು, ಮನುಷ್ಯನಿಟ್ಟ ಕಾರ್ಯದ ಹೆಸರು ಇವು ಹೀಗೆಯೇ ಒಟ್ಟಿಗೆ ಬಾಳಬಹುದು.

ಅಧ್ಯಾಪಕರ ಪಾಲಿಗೆ ಉಳಿಯುವ ಕರ್ತವ್ಯವೊಂದಿದೆ. ಪ್ರಯೋಗಶಾಲೆಯ ಪಾಠಗಳಲ್ಲಿ ಈಥ್0 ಎಂದು ಬರೆಸಿ ಕಂಠಪಾಠ ಮಾಡಿಸುವುದರಿಂದಾಗಲಿ, ಅದರ ಜಾಗದಲ್ಲಿ ಇಎನ್‌ಎಸ್3 ಎಂದು ತಿದ್ದಿಸುವುದರಿಂದಾಗಲಿ ವಿದ್ಯಾರ್ಥಿಗೆ ಲಾಭವಿಲ್ಲ. ಎದುರಿಗಿರುವ ಯಂತ್ರದಲ್ಲಿ ಯಾವ ಹೆಸರಿದೆಯೆಂದು ಮೊದಲು ನೋಡಿ, ಅದನ್ನು ಯಾರು, ಯಾವ ಆಧಾರದಿಂದ ಇಟ್ಟರೆಂದು ಕೇಳಿ, ಅನಂತರ ವಿಧಿಯನ್ನು ಬರೆಯುವ ಅಭ್ಯಾಸವನ್ನು ಬೆಳೆಸಬೇಕು. ಇತಿಹಾಸದ ತರಗತಿಯಲ್ಲಿ ಆಕರವಿಮರ್ಶೆಯೆಂದು ನಾವು ಕಲಿಸುವುದೂ ಇದನ್ನೇ.